ಪಕ್ಷದ ಜಿಲ್ಲಾ ಘಟಕದಲ್ಲಿ ದೇಣಿಗೆ ಸದಸ್ಯತ್ವ ಕಟ್ಟುವುದು ಹೇಗೆ? ಮೊದಲ ರಸೀದಿಯಿಂದ ಲೆಕ್ಕದ ಸಭೆಯವರೆಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಪಕ್ಷದ ತಾಲ್ಲೂಕು ಕಚೇರಿಗಳು ಬಹುಪಾಲು ಒಬ್ಬಿಬ್ಬರ ಜೇಬಿನ ಮೇಲೆ ನಡೆಯುತ್ತವೆ. ಬಾಡಿಗೆ ಒಬ್ಬರು ಕಟ್ಟುತ್ತಾರೆ, ಸಭೆಯ ಊಟ, ಶಾಮಿಯಾನ ಇನ್ನೊಬ್ಬರ ಲೆಕ್ಕ, ಚುನಾವಣೆ ಬಂದರೆ ಟಿಕೆಟ್ ಸಿಕ್ಕವರದೇ ಎಲ್ಲ ಖರ್ಚು. ದುಡ್ಡು ಹಾಕಿದವರ ಮಾತೇ ಪಕ್ಷದ ಮಾತಾಗುವುದು ಆಗ ಸಹಜ. ಅವರು ಬೇರೆ ಪಕ್ಷಕ್ಕೆ ಹೋದರೆ ಕಚೇರಿಯ ಬೋರ್ಡೂ ಅವರ ಹಿಂದೆಯೇ ಹೋಗುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಅದಿರು ಗಣಿಗಾರಿಕೆ ನಿಲ್ಲಿಸಿದಾಗ, ಒಂದೇ ಉದ್ಯಮದ ಹಣವನ್ನು ನೆಚ್ಚಿಕೊಂಡ ರಾಜಕಾರಣ ಎಷ್ಟು ಅಭದ್ರ ಎಂಬುದು ಎಲ್ಲ ಪಕ್ಷಗಳಿಗೂ ಅರ್ಥವಾಗಬೇಕಿತ್ತು.

ನೂರಾರು ಜನ ವರ್ಷವರ್ಷವೂ ಸಣ್ಣ ಮೊತ್ತ ಕೊಟ್ಟು, ಅದಕ್ಕೆ ರಸೀದಿ ಪಡೆದು, ಲೆಕ್ಕ ಕೇಳುವ ವ್ಯವಸ್ಥೆಗೆ ದೇಣಿಗೆ ಸದಸ್ಯತ್ವ ಎನ್ನುತ್ತೇವೆ. ಕಲ್ಪನೆ ಹೊಸದಲ್ಲ. ಬಿಜೆಪಿಯಲ್ಲಿ ಆಜೀವನ ಸಹಯೋಗ ನಿಧಿ ಎಂಬ ದೇಣಿಗೆ ನಿಧಿ ಇದೆ. ಕಾಂಗ್ರೆಸ್ 2023ರ ಡಿಸೆಂಬರ್‌ನಲ್ಲಿ, ಪಕ್ಷಕ್ಕೆ 138 ವರ್ಷ ತುಂಬಿದ ಲೆಕ್ಕದಲ್ಲಿ, 138, 1,380, 13,800 ರೂಪಾಯಿಗಳ ದೇಣಿಗೆ ಅಭಿಯಾನ ಮಾಡಿತು. ಸಿಪಿಎಂ ತನ್ನ ಸದಸ್ಯರಿಂದ ಆದಾಯಕ್ಕೆ ತಕ್ಕಂತೆ ಲೆವಿ ಎಂಬ ಕಡ್ಡಾಯ ವಂತಿಗೆ ಪಡೆಯುತ್ತದೆ. ಇವೆಲ್ಲ ಮೇಲಿನಿಂದ ಬಂದ ಯೋಜನೆಗಳು. ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಇದನ್ನು ಕೈಗೆತ್ತಿಕೊಳ್ಳುವ ಅಧ್ಯಕ್ಷರು, ಖಜಾಂಚಿಗಳು ಮತ್ತು ದೇಣಿಗೆ ಕೊಡಲು ಯೋಚಿಸುತ್ತಿರುವವರು ಈ ಮಾರ್ಗದರ್ಶಿಯನ್ನು ಯಾವ ಪಕ್ಷದವರಾದರೂ ಬಳಸಬಹುದು.

ಕೆಲಸ ಶುರುವಾಗುವ ಮೊದಲು ನಾಲ್ಕು ಅಂಕಿ

2,000. ಇದಕ್ಕಿಂತ ಒಂದು ರೂಪಾಯಿ ಹೆಚ್ಚಿನ ದೇಣಿಗೆಯನ್ನೂ ಪಕ್ಷ ನಗದಾಗಿ ಪಡೆಯುವಂತಿಲ್ಲ. ಅಕೌಂಟ್ ಪೇಯಿ ಚೆಕ್, ಡಿಡಿ ಅಥವಾ ಬ್ಯಾಂಕ್ ಮೂಲಕ ಎಲೆಕ್ಟ್ರಾನಿಕ್ ಪಾವತಿಯೇ ಆಗಬೇಕು. 2017ರ ಹಣಕಾಸು ಕಾಯ್ದೆ ಇದನ್ನು ಆದಾಯ ತೆರಿಗೆ ಕಾಯ್ದೆಯ 13ಎ ಕಲಂಗೆ ಸೇರಿಸಿತು. ಪಕ್ಷದ ಆದಾಯಕ್ಕೆ ತೆರಿಗೆ ವಿನಾಯಿತಿ ಸಿಗುವುದು ಈ ಷರತ್ತು ಪಾಲಿಸಿದರೆ ಮಾತ್ರ.

20,000. ಒಂದು ಆರ್ಥಿಕ ವರ್ಷದಲ್ಲಿ ಒಬ್ಬ ವ್ಯಕ್ತಿಯಿಂದ ಬಂದ ಒಟ್ಟು ದೇಣಿಗೆ ಇದನ್ನು ಮೀರಿದರೆ ಅವರ ಹೆಸರು, ವಿಳಾಸ, ಪ್ಯಾನ್, ಮೊತ್ತ, ಪಾವತಿಯ ವಿಧಾನ ಎಲ್ಲವೂ ನಮೂನೆ 24ಎಯಲ್ಲಿ ಚುನಾವಣಾ ಆಯೋಗಕ್ಕೆ ಹೋಗಬೇಕು. ಜನತಾ ಪ್ರಾತಿನಿಧ್ಯ ಕಾಯ್ದೆ 1951ರ 29ಸಿ ಕಲಂ ಹೀಗೆ ಹೇಳುತ್ತದೆ. ಇಲ್ಲಿ ಬಹಳಷ್ಟು ಖಜಾಂಚಿಗಳು ಎಡವುತ್ತಾರೆ. ಸಿಂಧನೂರಿನ ಅಕ್ಕಿ ಗಿರಣಿ ಮಾಲೀಕರೊಬ್ಬರು ಜಿಲ್ಲಾ ಘಟಕಕ್ಕೆ 12,000, ಅದೇ ವರ್ಷ ರಾಜ್ಯ ಘಟಕದ ವೆಬ್‌ಸೈಟ್ ಮೂಲಕ 10,000 ಕೊಟ್ಟರು ಎಂದುಕೊಳ್ಳಿ. ಎರಡೂ ಕಡೆಯ ಖಜಾಂಚಿಗೆ ತನ್ನದು 20,000ದ ಒಳಗೇ ಇದೆ ಎಂಬ ಸಮಾಧಾನ. ಕಾನೂನಿಗೆ ಪಕ್ಷ ಒಂದೇ, ಮೊತ್ತ 22,000. ಇದು ಪತ್ತೆಯಾಗಬೇಕಾದರೆ ಎರಡೂ ಕಡೆ ಪ್ಯಾನ್ ಬರೆದುಕೊಂಡಿರಬೇಕು. ಹೆಸರು ನಂಬಿ ಕೂತರೆ ಆಗದು, ಒಂದೇ ತಾಲ್ಲೂಕಿನಲ್ಲಿ ಬಸವರಾಜ ಎನ್ನುವವರು ಎಷ್ಟು ಜನ ಇರುತ್ತಾರೋ!

ಮಾರ್ಚ್ 31. ಆರ್ಥಿಕ ವರ್ಷ ಮುಗಿಯುವ ದಿನ. ಏಪ್ರಿಲ್ ಎರಡನೇ ವಾರದೊಳಗೆ ತಾಲ್ಲೂಕಿನ ಲೆಕ್ಕ ಜಿಲ್ಲೆಗೆ, ತಿಂಗಳ ಕೊನೆಯೊಳಗೆ ಜಿಲ್ಲೆಯದು ರಾಜ್ಯಕ್ಕೆ ಹೋದರೆ ಮೇಲಿನವರಿಗೆ ಲೆಕ್ಕ ಪರಿಶೋಧನೆಗೆ ಸಮಯ ಸಿಗುತ್ತದೆ.

ನಾಲ್ಕನೆಯದು 199 ಕೋಟಿ. 2018-19ರ ಕರ ನಿರ್ಧಾರಣಾ ವರ್ಷಕ್ಕೆ (ಅಂದರೆ 2017-18ರ ಆದಾಯಕ್ಕೆ) ಸಂಬಂಧಿಸಿ ಕಾಂಗ್ರೆಸ್ ಪಕ್ಷ ಕೇಳಿದ್ದ ಸುಮಾರು 199 ಕೋಟಿ ರೂಪಾಯಿಯ ವಿನಾಯಿತಿಯನ್ನು ನಿರಾಕರಿಸಿದ್ದು ಸರಿ ಎಂದು ದೆಹಲಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2025ರ ಜುಲೈನಲ್ಲಿ ಹೇಳಿತು. ಕಾರಣ ಎರಡು: ಗಡುವು ಮೀರಿ ವಿವರ ಸಲ್ಲಿಸಿದ್ದು, ತಲಾ 2,000 ಮೀರಿದ ನಗದು ದೇಣಿಗೆಗಳನ್ನು ಪಡೆದದ್ದು. ಆ ನಗದು ದೇಣಿಗೆಗಳ ಮೊತ್ತ 14.49 ಲಕ್ಷ. ಎಲ್ಲೋ ಒಂದು ತಾಲ್ಲೂಕಿನಲ್ಲಿ ಹರಿದ 5,000 ರೂಪಾಯಿಯ ನಗದು ರಸೀದಿ ಇಡೀ ಪಕ್ಷದ ತಲೆಯ ಮೇಲೆ ಬೀಳಬಲ್ಲದು ಎಂಬುದನ್ನು ಕಾರ್ಯಕರ್ತರ ಮೊದಲ ಸಭೆಯಲ್ಲೇ ಹೇಳಿ.

ಯಾರ ಹಣ ಬೇಡ

ರಸೀದಿ ಪುಸ್ತಕ ಕೈಗೆ ಕೊಡುವ ಮೊದಲು ಈ ಪಟ್ಟಿ ಕಾರ್ಯಕರ್ತರಿಗೆ ಬಾಯಿಪಾಠ ಆಗಿರಬೇಕು.

ಸರ್ಕಾರಿ ನೌಕರರಿಂದ ಬೇಡ. ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು 2021ರ ಪ್ರಕಾರ ಅವರು ಪಕ್ಷದ ಸದಸ್ಯರಾಗುವಂತಿಲ್ಲ, ವಂತಿಗೆ ಕೊಡುವಂತೆಯೂ ಇಲ್ಲ. ಪ್ರೀತಿಯಿಂದ 500 ರೂಪಾಯಿ ಕೊಟ್ಟ ಶಾಲಾ ಮೇಷ್ಟ್ರಿಗೆ ನಿಮ್ಮ ರಸೀದಿಯೇ ಮುಂದೆ ಇಲಾಖಾ ವಿಚಾರಣೆಯ ಸಾಕ್ಷಿ ಆಗುತ್ತದೆ. ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ಶಾಖೋತ್ಪನ್ನ ಕೇಂದ್ರ, ದೋಣಿಮಲೈ ಗಣಿ ಇಲ್ಲೆಲ್ಲ ದುಡಿಯುವವರಿಗೆ ಅವರವರ ಸಂಸ್ಥೆಯ ಸೇವಾ ನಿಯಮ ಇರುತ್ತದೆ. ಅದನ್ನು ಓದಿಕೊಂಡು ಬರಲು ಹೇಳಿ, ಒತ್ತಾಯ ಮಾಡಬೇಡಿ. ಸರ್ಕಾರಿ ಕಂಪನಿಗಳಿಂದಂತೂ ದೇಣಿಗೆ ಪಡೆಯುವುದೇ ನಿಷಿದ್ಧ.

ಖಾಸಗಿ ಕಂಪನಿ ಕೊಡಬಹುದು, ಆದರೆ ಅದು ಹುಟ್ಟಿ ಮೂರು ಆರ್ಥಿಕ ವರ್ಷ ಆಗಿರಬೇಕು, ನಿರ್ದೇಶಕ ಮಂಡಳಿಯ ಠರಾವು ಇರಬೇಕು. ಕಂಪನಿ ಎಷ್ಟು ಬೇಕಾದರೂ ಕೊಡಬಹುದು ಎಂದು 2017ರಲ್ಲಿ ಆದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು, ಚುನಾವಣಾ ಬಾಂಡ್ ರದ್ದುಪಡಿಸಿದ ತೀರ್ಪಿನಲ್ಲೇ ತಳ್ಳಿಹಾಕಿದೆ. ಹಿಂದಿನ ಮಿತಿ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 7.5. ನಮ್ಮ ಕಡೆಯ ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಮಿಲ್, ಜೀನ್ಸ್ ಘಟಕಗಳಲ್ಲಿ ಪಾಲುದಾರಿಕೆ ಸಂಸ್ಥೆಗಳೂ ಒಬ್ಬರದೇ ಮಾಲೀಕತ್ವದವೂ ಬಹಳ. ಈ ಕಂಪನಿ ನಿಯಮ ಅವಕ್ಕೆ ತಾಗುವುದಿಲ್ಲ. ಆದರೆ ಪಾಲುದಾರರಲ್ಲಿ ಒಬ್ಬರು ಮಾತ್ರ ಒಪ್ಪಿ ಸಂಸ್ಥೆಯ ಖಾತೆಯಿಂದ ಚೆಕ್ ಹರಿದುಕೊಟ್ಟರೆ ಜಗಳ ನಿಮ್ಮ ಕಚೇರಿಯ ಬಾಗಿಲಿಗೇ ಬರುತ್ತದೆ. ಎಲ್ಲ ಪಾಲುದಾರರ ಸಹಿ ಇರುವ ಒಂದು ಹಾಳೆ ಕೇಳಿ ಇಟ್ಟುಕೊಳ್ಳಿ.

ಮಠ, ಮಂದಿರ, ದರ್ಗಾ, ಚರ್ಚುಗಳ ಹಣ ಬೇಡವೇ ಬೇಡ. ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ 1988 ಅದನ್ನು ಸ್ಪಷ್ಟವಾಗಿ ನಿಷೇಧಿಸಿದೆ, ಅವುಗಳ ಆವರಣದಲ್ಲಿ ಪಕ್ಷದ ಚಟುವಟಿಕೆ ನಡೆಸುವುದನ್ನೂ. ಹಾಗಾಗಿ ಮಠದ ಕಲ್ಯಾಣ ಮಂಟಪ ಪುಕ್ಕಟೆ ಸಿಗುತ್ತದೆ ಎಂದು ದೇಣಿಗೆದಾರರ ಸಭೆಯನ್ನು ಅಲ್ಲಿ ಇಡಬೇಡಿ.

ವಿದೇಶದಲ್ಲಿ ದುಡಿಯುವ ಮಗ ಕಳಿಸುವ ಹಣ? ಅವನು ಇನ್ನೂ ಭಾರತದ ಪೌರನಾಗಿದ್ದು, ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಸರಿ. ಬೇರೆ ದೇಶದ ಪೌರತ್ವ ಪಡೆದಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಪಕ್ಷಕ್ಕೆ ನಿಷಿದ್ಧ. ಸದಸ್ಯತ್ವದ ಅರ್ಜಿಯಲ್ಲಿ 'ನಾನು ಭಾರತದ ಪೌರ, ಸರ್ಕಾರಿ ನೌಕರನಲ್ಲ, ಇದು ನನ್ನ ಸ್ವಂತ ಹಣ' ಎಂಬ ಮೂರು ಘೋಷಣೆ ಇದ್ದರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಅನುಮತಿ, ಖಾತೆ, ರಸೀದಿ

ಮೊದಲ ಹೆಜ್ಜೆ ರಾಜ್ಯ ಘಟಕದ ಲಿಖಿತ ಅನುಮತಿ. ಜಿಲ್ಲಾ ಘಟಕಕ್ಕೆ ಕಾನೂನಿನಲ್ಲಿ ಸ್ವತಂತ್ರ ಅಸ್ತಿತ್ವವಿಲ್ಲ. ಚುನಾವಣಾ ಆಯೋಗದಲ್ಲಿ ನೋಂದಣಿಯಾಗಿರುವುದು ಪಕ್ಷ, ಪ್ಯಾನ್ ಇರುವುದು ಪಕ್ಷಕ್ಕೆ. ಆದ್ದರಿಂದ ಖಾತೆ ತೆರೆಯುವಾಗ ಪಕ್ಷದ ಪ್ಯಾನ್ ಪ್ರತಿ, ಮೇಲಿನ ಸಮಿತಿಯ ಅಧಿಕಾರ ಪತ್ರ, ಜಿಲ್ಲಾ ಸಮಿತಿಯ ಠರಾವು, ಸಹಿ ಮಾಡುವವರ ಗುರುತಿನ ದಾಖಲೆ ಇವಿಷ್ಟು ಬ್ಯಾಂಕಿಗೆ ಬೇಕಾಗುತ್ತವೆ. ಸಹಿ ಇಬ್ಬರದು ಇರಲಿ: ಖಜಾಂಚಿ ಮತ್ತು ಅಧ್ಯಕ್ಷ ಅಥವಾ ಪ್ರಧಾನ ಕಾರ್ಯದರ್ಶಿ. ಒಂದೇ ಮನೆಯ ಇಬ್ಬರು ಬೇಡ.

ಕ್ಯೂಆರ್ ಕೋಡ್ ವಿಷಯದಲ್ಲಿ ನಾವು ಕಟ್ಟುನಿಟ್ಟು. ಕೋಡ್ ಪಕ್ಷದ ಖಾತೆಯದೇ ಆಗಿರಬೇಕು. ಕಾರ್ಯಕರ್ತರ ಫೋನ್‌ಪೇ ನಂಬರಿಗೆ ಹಾಕಿಸಿಕೊಂಡು 'ಸಂಜೆ ಒಟ್ಟಿಗೆ ಪಕ್ಷಕ್ಕೆ ಹಾಕುತ್ತೇನೆ' ಎನ್ನುವುದು ಎಲ್ಲ ಊರಿನಲ್ಲೂ ನಡೆಯುತ್ತದೆ. ದಾಖಲೆಯಲ್ಲಿ ಆಗ ದೇಣಿಗೆ ಕೊಟ್ಟವನು ಆ ಕಾರ್ಯಕರ್ತ. ನಲವತ್ತು ಜನರ 1,200 ಅವನ ಹೆಸರಿನಲ್ಲಿ 48,000 ಆಗಿ ಕೂರುತ್ತದೆ. ಅವನ ಹೆಸರು ನಮೂನೆ 24ಎಗೆ ಏರುತ್ತದೆ, ನಿಜವಾಗಿ ಕೊಟ್ಟವರಿಗೆ ಏನೂ ಉಳಿಯುವುದಿಲ್ಲ. ಕಾರ್ಯಕರ್ತ ಪ್ರಾಮಾಣಿಕನೇ ಇರಬಹುದು, ಲೆಕ್ಕ ಮಾತ್ರ ಕೆಟ್ಟಿತು.

ರಸೀದಿ ಪುಸ್ತಕ ಮೂರು ಪ್ರತಿಯದಿರಲಿ: ಬಿಳಿ ದೇಣಿಗೆದಾರರಿಗೆ, ಇನ್ನೊಂದು ಬಣ್ಣದ್ದು ಜಿಲ್ಲಾ ಕಚೇರಿಗೆ, ಮೂರನೆಯದು ಪುಸ್ತಕದಲ್ಲೇ. 50 ರಸೀದಿಯ ಪುಸ್ತಕ ಸಾಕು. 100ರದ್ದು ಬೇಗ ತುಂಬುವುದಿಲ್ಲ, ತುಂಬುವವರೆಗೆ ಲೆಕ್ಕ ಬರುವುದಿಲ್ಲ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗಿನ ಪುಸ್ತಕ ಯಾರ ಕೈಗೆ, ಯಾವ ದಿನ ಹೋಯಿತು ಎಂಬುದಕ್ಕೆ ಒಂದು ರಿಜಿಸ್ಟರ್. ಹಳೆಯ ಪುಸ್ತಕ ಮರಳದೆ ಹೊಸದು ಕೊಡಬಾರದು. ತಪ್ಪಾಗಿ ಬರೆದ ರಸೀದಿಯನ್ನು ಹರಿದು ಎಸೆಯದೆ, ಮೂರೂ ಪ್ರತಿಯ ಮೇಲೆ 'ರದ್ದು' ಎಂದು ಬರೆದು ಪುಸ್ತಕಕ್ಕೇ ಪಿನ್ ಹೊಡೆಯಬೇಕು.

ರಸೀದಿಯ ಮೇಲೆ ಇರಬೇಕಾದ್ದು: ಪಕ್ಷದ ಪೂರ್ಣ ಹೆಸರು, ಪಕ್ಷದ ಪ್ಯಾನ್, ಆಯೋಗದ ನೋಂದಣಿ ವಿವರ, ಕ್ರಮಸಂಖ್ಯೆ, ದಿನಾಂಕ, ಕೊಟ್ಟವರ ಹೆಸರು, ವಿಳಾಸ, ಪ್ಯಾನ್, ಅಂಕಿ ಮತ್ತು ಅಕ್ಷರದಲ್ಲಿ ಮೊತ್ತ, ಪಾವತಿ ವಿಧಾನ, ಚೆಕ್ ಸಂಖ್ಯೆ ಅಥವಾ ಯುಪಿಐ ವ್ಯವಹಾರ ಸಂಖ್ಯೆ, ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿ ಸಂಕೇತ. ಕೊನೆಯ ಎರಡನ್ನು ಬಿಟ್ಟುಬಿಡುವವರೇ ಹೆಚ್ಚು, ತೆರಿಗೆ ವಿವರ ತುಂಬುವಾಗ ಇಲಾಖೆ ಕೇಳುವುದು ಅವನ್ನೇ. ಆಧಾರ್ ಸಂಖ್ಯೆ ಬೇಕಿಲ್ಲ, ಜಾತಿ ಕಾಲಂ ಅಂತೂ ಬೇಡ. ಸದಸ್ಯತ್ವ ಶುಲ್ಕ ಮತ್ತು ದೇಣಿಗೆಗೆ ಬೇರೆ ಬೇರೆ ರಸೀದಿ ಕೊಡಿ. ಪಕ್ಷದ ಲೆಕ್ಕದಲ್ಲಿ ಅವೆರಡೂ ಬೇರೆ ಶೀರ್ಷಿಕೆ.

ಸಣ್ಣ ನಗದು ಬಂದರೆ ಅದೇ ವಾರ ಬ್ಯಾಂಕಿಗೆ ಹಾಕಿ. ಕಾರ್ಯಕ್ರಮದ ಖರ್ಚಿಗೆಂದು ಸಂಗ್ರಹದಿಂದಲೇ ತೆಗೆದುಕೊಡುವ ರೂಢಿ ನಿಲ್ಲಬೇಕು. ಬಂದದ್ದು ಪೂರ್ತಿ ಜಮಾ ಆಗಲಿ, ಖರ್ಚು ಖಾತೆಯಿಂದಲೇ ಹೊರಗೆ ಹೋಗಲಿ.

ಮಟ್ಟ ಎಷ್ಟಿರಬೇಕು, ಮೊತ್ತ ಎಷ್ಟು

ಅಮೆರಿಕದ ಜಿಲ್ಲಾ ಮಟ್ಟದ ಪಕ್ಷ ಸಮಿತಿಗಳಲ್ಲಿ ಚಿನ್ನ, ಬೆಳ್ಳಿ ಎಂದು ಐದಾರು ಮಟ್ಟದ ದೇಣಿಗೆ ಕ್ಲಬ್‌ಗಳಿರುತ್ತವೆ. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದಲ್ಲಿ ವರ್ಷಕ್ಕೆ 50,000 ಪೌಂಡ್ ಕೊಟ್ಟವರಿಗೆ ನಾಯಕರ ಜತೆ ಊಟದ ಅವಕಾಶವಿರುವ ಗುಂಪು ಇತ್ತು, ಅದಕ್ಕೆ ಟೀಕೆಯೂ ಬಂತು. ನಮ್ಮ ಜಿಲ್ಲೆಗಳಿಗೆ ಮೂರು ಮಟ್ಟ ಸಾಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮಟ್ಟ ಹೆಚ್ಚಿದಷ್ಟೂ ವೇದಿಕೆಯ ಕುರ್ಚಿಯ ಜಗಳ ಹೆಚ್ಚುತ್ತದೆ.

ಒಂದು ಲೆಕ್ಕ ನೋಡೋಣ. ತಿಂಗಳಿಗೆ 100ರಂತೆ ವರ್ಷಕ್ಕೆ 1,200 ಕೊಡುವವರು 300 ಜನ ಸಿಕ್ಕರೆ 3,60,000. ವರ್ಷಕ್ಕೆ 5,000 ಕೊಡುವವರು 40 ಜನ, 2,00,000. ವರ್ಷಕ್ಕೆ 15,000 ಕೊಡುವವರು 10 ಜನ, 1,50,000. ಒಟ್ಟು 7,10,000. ತಿಂಗಳಿಗೆ 10,000 ಬಾಡಿಗೆ, 12,000 ಸಂಬಳದ ಒಬ್ಬ ಗುಮಾಸ್ತ ಎಂದರೆ ವರ್ಷಕ್ಕೆ 2,64,000 ಹೋಗಿ, ಸಭೆ, ತರಬೇತಿ, ಓಡಾಟಕ್ಕೆ 4,46,000 ಉಳಿಯುತ್ತದೆ. ಇದರಲ್ಲಿ ಅತಿ ದೊಡ್ಡ ದೇಣಿಗೆದಾರರ ಪಾಲು ಶೇ 2ರ ಆಸುಪಾಸು. ಅವರು ಮುನಿಸಿಕೊಂಡು ಹೋದರೂ ಕಚೇರಿ ತೆರೆದಿರುತ್ತದೆ. ಈ ಅನುಪಾತವೇ ಇಡೀ ಯೋಜನೆಯ ಜೀವ. ಯಾರೊಬ್ಬರ ಪಾಲೂ ಜಿಲ್ಲೆಯ ಒಟ್ಟು ಸಂಗ್ರಹದ ಶೇ 5 ಮೀರದಂತೆ ಠರಾವು ಮಾಡಿಕೊಳ್ಳಿ.

ಮೊದಲ ಮಟ್ಟವನ್ನು 1,200ಕ್ಕೆ ಇಟ್ಟಿರುವುದಕ್ಕೆ ಕಾರಣವಿದೆ. ಹಮಾಲರು, ಕಿರಾಣಿ ಅಂಗಡಿಯವರು, ಸಣ್ಣ ರೈತರು ನಗದು ಕೊಟ್ಟರೂ 2,000ದ ಮಿತಿಗೆ ತಗಲುವುದಿಲ್ಲ. ಎರಡನೇ, ಮೂರನೇ ಮಟ್ಟಕ್ಕೆ ನಗದು ಇಲ್ಲವೇ ಇಲ್ಲ. 5,000ವನ್ನು ಮೂರು ತುಂಡು ಮಾಡಿ, ಮೂರು ದಿನಾಂಕ ಹಾಕಿ ನಗದು ರಸೀದಿ ಹರಿಯುವ ಜಾಣತನ ಲೆಕ್ಕ ಪರಿಶೋಧಕರ ಕಣ್ಣಿಗೆ ಮೊದಲು ಬೀಳುತ್ತದೆ. ಒಬ್ಬರಿಂದ ಇಡೀ ವರ್ಷಕ್ಕೆ ನಗದು 2,000 ಮೀರಬಾರದು ಎಂಬ ಒಳನಿಯಮ ಇದ್ದರೆ ಆ ದಾರಿಯೇ ಮುಚ್ಚಿಹೋಗುತ್ತದೆ.

ಸುಗ್ಗಿ ನೋಡಿ ಕಂತು ಇಡಿ

ಬೆಂಗಳೂರಿನಲ್ಲಿ ಕೂತು ಮಾಡಿದ ಮಾಸಿಕ ಯೋಜನೆ ಇಲ್ಲಿ ಸೋಲುವುದು ಈ ಜಾಗದಲ್ಲಿ. ಸಂಬಳದವರಿಗೆ, ಅಂಗಡಿಯವರಿಗೆ ತಿಂಗಳ ಕಂತು ಸರಿ. ಯುಪಿಐ ಆಟೋಪೇ ಹಾಕಿಕೊಟ್ಟರೆ ಪ್ರತಿ ತಿಂಗಳು ಕೇಳುವ ಮುಜುಗರವೂ ಇಲ್ಲ. ರೈತರ ಕೈಯಲ್ಲಿ ಹಣ ಆಡುವುದು ಬೆಳೆ ಮಾರಿದಾಗ. ತುಂಗಭದ್ರಾ ಎಡದಂಡೆಯ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ, ಬಲದಂಡೆಯ ಕಂಪ್ಲಿ, ಸಿರುಗುಪ್ಪ ಕಡೆ ಮುಂಗಾರು ಭತ್ತದ ಹಣ ಬರುವುದು ಡಿಸೆಂಬರ್ ಸುಮಾರಿಗೆ. ಎರಡನೇ ಬೆಳೆಗೆ ನೀರು ಸಿಕ್ಕ ವರ್ಷ ಬೇಸಿಗೆಯಲ್ಲಿ ಇನ್ನೊಮ್ಮೆ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರಿನ ಒಣಬೇಸಾಯದಲ್ಲಿ ವರ್ಷಕ್ಕೆ ಒಂದೇ ಸಲ, ಅದೂ ಮಳೆ ನೋಡಿಕೊಂಡು. ರೈತ ಸದಸ್ಯರಿಗೆ ಜನವರಿಯಲ್ಲಿ ಒಂದೇ ಕಂತು ಅಥವಾ ಜನವರಿ, ಮೇ ಎರಡು ಕಂತು ಇಡಿ. ಬರ ಬಿದ್ದ ವರ್ಷ, ಎರಡನೇ ಬೆಳೆಗೆ ನೀರು ಬಿಡದ ವರ್ಷ ಅವರ ಸದಸ್ಯತ್ವವನ್ನು ರದ್ದು ಮಾಡದೆ ಹಾಗೇ ಮುಂದುವರಿಸುವ ಅವಕಾಶ ಮೊದಲೇ ನಿಯಮದಲ್ಲಿ ಬರೆದಿರಲಿ. ಕಷ್ಟದ ವರ್ಷದಲ್ಲಿ ವಂತಿಗೆ ಎತ್ತಲು ಬಂದ ಪಕ್ಷವನ್ನು ಹಳ್ಳಿ ಬೇಗ ಮರೆಯುವುದಿಲ್ಲ.

ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋದವರನ್ನು ಪಟ್ಟಿಯಿಂದ ಬಿಡಬೇಡಿ. ತಿಂಗಳಿಗೆ 50 ರೂಪಾಯಿ ಆದರೂ ಊರಿನ ಜತೆಗಿನ ನಂಟು ಎಂದು ಕೊಡುವವರಿದ್ದಾರೆ. ಅವರಿಗೆ ರಸೀದಿಯನ್ನು ವಾಟ್ಸ್‌ಆ್ಯಪ್‌ನಲ್ಲೇ ಕಳಿಸಿ, ಅದೂ ಅದೇ ದಿನ.

ದಲಾಲಿ ಅಂಗಡಿಯಲ್ಲಿ ರೈತರ ಮಾರಾಟದ ಬಿಲ್ಲಿನಿಂದಲೇ ಪಕ್ಷದ ವಂತಿಗೆ ಮುರಿದುಕೊಳ್ಳುವ ವ್ಯವಸ್ಥೆಗೆ ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಕಾನೂನು ಪಕ್ಷಕ್ಕೆ ಸ್ವಇಚ್ಛೆಯ ದೇಣಿಗೆ ಪಡೆಯಲು ಮಾತ್ರ ಅವಕಾಶ ಕೊಟ್ಟಿದೆ. ತೂಕದ ಲೆಕ್ಕದಲ್ಲಿ ಮುರಿದುಕೊಂಡದ್ದು ಸ್ವಇಚ್ಛೆ ಅಲ್ಲ.

ಕೊಟ್ಟವರಿಗೆ ಏನು ಸಿಗಬೇಕು

ಶಾಲು, ಹಾರ, ಸ್ಮರಣಿಕೆ ಎಂದು ಶುರು ಮಾಡಿದರೆ ಮುಗಿಯಿತು. ತಲಾ 400 ರೂಪಾಯಿಯ ಸನ್ಮಾನ 1,200 ಕೊಟ್ಟವರ ಹಣದ ಮೂರನೇ ಒಂದು ಭಾಗವನ್ನು ತಿಂದುಹಾಕುತ್ತದೆ. ಜನ ಪಕ್ಷಕ್ಕೆ ಕೊಟ್ಟ ಹಣ ಶಾಲಿನ ಅಂಗಡಿಗೆ ಹೋಗಬಾರದು. ಕಾರ್ಡ್, ರಸೀದಿ, ಅಂಚೆ ಎಲ್ಲ ಸೇರಿ ಸಂಗ್ರಹದ ಶೇ 8ರ ಒಳಗೆ ಇರಲಿ.

ನಿಜವಾದ ಸೌಲಭ್ಯದಲ್ಲಿ ಮೊದಲನೆಯದು ಲೆಕ್ಕ. ಪ್ರತಿ ವರ್ಷ ಜೂನ್ ಒಳಗೆ ದೇಣಿಗೆದಾರರ ಲೆಕ್ಕದ ಸಭೆ ಕರೆಯಿರಿ. ಬೇಸಿಗೆಯ ರಾಯಚೂರಿನಲ್ಲಿ ಮಧ್ಯಾಹ್ನ ಸಭೆ ಇಟ್ಟರೆ ಯಾರೂ ಬರುವುದಿಲ್ಲ, ಸಂಜೆ ಆರರ ಮೇಲೆ ಇಡಿ. ಒಂದೇ ಹಾಳೆ ಸಾಕು: ಎಷ್ಟು ಬಂತು, ಯಾವ ಮಟ್ಟದಿಂದ ಎಷ್ಟು, ಯಾವುದಕ್ಕೆ ಖರ್ಚಾಯಿತು, ಬ್ಯಾಂಕಿನಲ್ಲಿ ಎಷ್ಟಿದೆ. ಖಜಾಂಚಿ ಓದಬೇಕು, ಪ್ರಶ್ನೆ ಕೇಳಲು ಅರ್ಧ ಗಂಟೆ ಬಿಡಬೇಕು. 100 ರೂಪಾಯಿ ಕೊಟ್ಟ ಹಮಾಲರು ಎದ್ದು 'ಈ ಡೀಸೆಲ್ ಖರ್ಚು ಏನ್ರಿ?' ಎಂದು ಕೇಳಿ, ಅದಕ್ಕೆ ಉತ್ತರ ಸಿಕ್ಕರೆ ಆ ವರ್ಷ ನವೀಕರಣಕ್ಕೆ ಮನೆಮನೆ ತಿರುಗಬೇಕಿಲ್ಲ.

ಎರಡನೆಯದು ವಿಷಯಾಧಾರಿತ ಸಭೆ, ಮೂರು ತಿಂಗಳಿಗೊಮ್ಮೆ. ಪಕ್ಷದ ಶಾಸಕರೋ ಸಂಸದರೋ, ಯಾರೂ ಗೆದ್ದಿಲ್ಲದ ಕಡೆ ಜಿಲ್ಲಾಧ್ಯಕ್ಷರೋ ಕೂತು ಒಂದೇ ವಿಷಯ ಕೇಳಬೇಕು. ಕಾಲುವೆಯ ಕೊನೆ ಭಾಗಕ್ಕೆ ನೀರು, ಹತ್ತಿಯ ಬೆಲೆ, ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳ ನೀರಿನ ಸಮಸ್ಯೆ, ಕೊಪ್ಪಳದ ಕಾರ್ಖಾನೆಗಳ ಹೊಗೆ ಮತ್ತು ಬೂದಿ, ಹೀಗೆ. ವೈಯಕ್ತಿಕ ಅರ್ಜಿ ಈ ಸಭೆಯಲ್ಲಿ ತೆಗೆದುಕೊಳ್ಳುವುದಿಲ್ಲ ಎಂದು ಆಮಂತ್ರಣದಲ್ಲೇ ಅಚ್ಚಾಗಿರಲಿ. ಸಭೆಯಲ್ಲಿ ಬಂದ ಮಾತು, ಅದಕ್ಕೆ ಏನು ಮಾಡಿದಿರಿ ಎಂಬುದು ಮುಂದಿನ ಸಭೆಯ ಮೊದಲ ಹತ್ತು ನಿಮಿಷದಲ್ಲಿ ಬರಬೇಕು. ಇದನ್ನು ಮರೆತರೆ ಮೂರನೇ ಸಭೆಗೆ ಖಾಲಿ ಕುರ್ಚಿ. ಮೂರು ಮಟ್ಟದವರಿಗೂ ಒಂದೇ ಸಭೆ, ಒಂದೇ ಸಾಲು. 15,000 ಕೊಟ್ಟವರಿಗೆ ಮುಂದಿನ ಸೋಫಾ, 1,200ರವರಿಗೆ ಹಿಂದಿನ ಪ್ಲಾಸ್ಟಿಕ್ ಕುರ್ಚಿ ಹಾಕಿದ ದಿನ ನಿಮ್ಮ ಯೋಜನೆಯ ಬುಡ ಅಲುಗಾಡುತ್ತದೆ.

ಪ್ರಣಾಳಿಕೆಗೆ ಜಿಲ್ಲೆಯ ಸಲಹೆ ಬರೆಯುವಾಗ ಇವರ ಅಭಿಪ್ರಾಯ ಪಡೆಯಬಹುದು. ಪಕ್ಷದ ಪತ್ರಿಕೆ, ತರಬೇತಿ ಶಿಬಿರಕ್ಕೆ ಪ್ರವೇಶ ಕೊಡಬಹುದು. ಆಂತರಿಕ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಪಕ್ಷದ ನಿಯಮಾವಳಿಯ ಪ್ರಕಾರ ಪ್ರಾಥಮಿಕ ಅಥವಾ ಸಕ್ರಿಯ ಸದಸ್ಯರಿಗೆ ಇರುವಂಥದ್ದು. ಹೆಚ್ಚು ದೇಣಿಗೆಗೆ ಹೆಚ್ಚು ಮತ ಎಂಬುದು ಎಲ್ಲಿಯೂ ಇರಕೂಡದು.

ಏನು ಕೊಡಬಾರದು

ಟಿಕೆಟಿನ ಭರವಸೆ, ವರ್ಗಾವಣೆಗೆ ಶಿಫಾರಸು ಪತ್ರ, ಟೆಂಡರ್, ನಿಂತ ಬಿಲ್ಲಿಗೆ ಫೋನು, ಪಡಿತರ ಚೀಟಿ, ನಿವೇಶನದ ಪಟ್ಟಿಯಲ್ಲಿ ಹೆಸರು. ದೇಣಿಗೆಯ ಬೆನ್ನಿಗೆ ಇವುಗಳಲ್ಲಿ ಯಾವುದು ಬಂದರೂ ಅದು ಲಂಚದ ಪ್ರಶ್ನೆ, ಭ್ರಷ್ಟಾಚಾರ ತಡೆ ಕಾಯ್ದೆಯವರೆಗೆ ಹೋಗುವಂಥದ್ದು. ಪಕ್ಷದ ಚುನಾಯಿತ ಪ್ರತಿನಿಧಿಯ ಮುಂದೆ ಯಾರದಾದರೂ ಕಡತ ಬಾಕಿ ಇದ್ದರೆ, ಅದು ಇತ್ಯರ್ಥವಾಗುವವರೆಗೆ ಅವರಿಂದ ದೇಣಿಗೆ ಪಡೆಯಬೇಡಿ. ಗುತ್ತಿಗೆದಾರರ ವಿಷಯದಲ್ಲಿ ಇದು ಮುಖ್ಯ. ಚೆಕ್ ಬಂದುಬಿಟ್ಟಿದ್ದರೆ ಪತ್ರ ಬರೆದು ಹಿಂತಿರುಗಿಸಿ, ಪತ್ರದ ಪ್ರತಿ ಕಡತದಲ್ಲಿರಲಿ.

ಸದಸ್ಯತ್ವ ಕಾರ್ಡ್ ಬಗ್ಗೆ ಎಚ್ಚರ. ನಾಯಕರ ಫೋಟೊ, ಪಕ್ಷದ ಚಿಹ್ನೆ ಮತ್ತು 'ಪೋಷಕ' ಎಂಬ ಪದ ಇರುವ ಹೊಳೆಯುವ ಕಾರ್ಡು ತಹಶೀಲ್ದಾರ್ ಕಚೇರಿಯಲ್ಲಿ, ಪೊಲೀಸ್ ಠಾಣೆಯಲ್ಲಿ ಮೇಜಿನ ಮೇಲೆ ಇಡಲು ಹೇಳಿ ಮಾಡಿಸಿದಂತಿರುತ್ತದೆ. ಕಾರ್ಡ್ ಸಾದಾ ಇರಲಿ: ಹೆಸರು, ಸದಸ್ಯತ್ವ ಸಂಖ್ಯೆ, ವರ್ಷ, ಕೆಳಗೆ 'ಇದು ಗುರುತಿನ ಚೀಟಿಯಲ್ಲ, ಯಾವ ಕಚೇರಿಯಲ್ಲೂ ತೋರಿಸುವಂತಿಲ್ಲ' ಎಂಬ ಸಾಲು. ವಾಹನಕ್ಕೆ ಸ್ಟಿಕ್ಕರ್ ಕೊಡಲೇಬೇಡಿ.

ತೆರಿಗೆ ರಿಯಾಯಿತಿಯ ನಿಜ ಲೆಕ್ಕ

'ಪಕ್ಷಕ್ಕೆ ಕೊಟ್ಟರೆ ಪೂರ್ತಿ ತೆರಿಗೆ ಉಳಿಯುತ್ತದೆ' ಎಂದು ಹೇಳಿ ಸದಸ್ಯತ್ವ ಮಾಡಬಾರದು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ವ್ಯಕ್ತಿಗಳಿಗೆ 80ಜಿಜಿಸಿ, ಕಂಪನಿಗಳಿಗೆ 80ಜಿಜಿಬಿ ಕಲಂ ಅಡಿ ದೇಣಿಗೆಯ ಪೂರ್ಣ ಮೊತ್ತ ಆದಾಯದಿಂದ ಕಳೆಯುತ್ತದೆ. ನಗದಾಗಿ ಕೊಟ್ಟಿದ್ದರೆ 100 ರೂಪಾಯಿಗೂ ಈ ರಿಯಾಯಿತಿ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ 30ರ ಹಂತದಲ್ಲಿರುವವರು ಬ್ಯಾಂಕ್ ಮೂಲಕ 15,000 ಕೊಟ್ಟರೆ ಸೆಸ್ ಸೇರಿ 4,680 ರೂಪಾಯಿ ತೆರಿಗೆ ಉಳಿಯುತ್ತದೆ. ಹೊಸ ಪದ್ಧತಿ ಆರಿಸಿದವರಿಗೆ ಏನೂ ಇಲ್ಲ. ಕೃಷಿ ಆದಾಯ ಮಾತ್ರ ಇರುವ ರೈತರಿಗೆ ಉಳಿಸಲು ಆದಾಯ ತೆರಿಗೆಯೇ ಇಲ್ಲ. ಅಂದರೆ ನಿಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ತೆರಿಗೆಯ ಲಾಭ ಸೊನ್ನೆ. ಇದನ್ನು ಮೊದಲೇ ಹೇಳಿದರೆ ನಂಬಿಕೆ ಉಳಿಯುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಯ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬೇರೆ. ರಸೀದಿ ಅಚ್ಚಿಗೆ ಕೊಡುವ ಮೊದಲು ಲೆಕ್ಕ ಪರಿಶೋಧಕರಿಂದ ಸರಿಯಾದ ಸಂಖ್ಯೆ ಬರೆಸಿಕೊಳ್ಳಿ.

ದೇಣಿಗೆ ಅಭ್ಯರ್ಥಿಯ ಸ್ವಂತ ಖಾತೆಗೆ ಹೋದರೆ ಈ ರಿಯಾಯಿತಿ ಸಿಗದು, ಪಕ್ಷದ ಖಾತೆಗೇ ಬರಬೇಕು. ಪಕ್ಷದ ಸ್ಮರಣ ಸಂಚಿಕೆಗೆ ಕೊಟ್ಟ ಜಾಹೀರಾತನ್ನು ವ್ಯಾಪಾರದ ಖರ್ಚೆಂದು ತೋರಿಸಲೂ ಆಗದು.

ಇನ್ನೊಂದು ಮೋಸದ ಬಗ್ಗೆ ದೇಣಿಗೆದಾರರು ತಿಳಿದಿರಲೇಬೇಕು. ಹೆಸರೇ ಕೇಳಿರದ ನೋಂದಾಯಿತ ಪಕ್ಷಕ್ಕೆ ಒಂದು ಲಕ್ಷ ಚೆಕ್ ಕೊಡಿ, ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ನಗದಾಗಿ ವಾಪಸ್ ಕೊಡುತ್ತೇವೆ, ತೆರಿಗೆ ಉಳಿಸಿ ಎಂದು ಏಜೆಂಟರು ಬರುತ್ತಾರೆ. 2025ರ ಜುಲೈನಲ್ಲಿ ಆದಾಯ ತೆರಿಗೆ ಇಲಾಖೆ ಇಂಥ ಸುಳ್ಳು ಕ್ಲೇಮುಗಳ ಮೇಲೆ ದೇಶದಾದ್ಯಂತ ತಪಾಸಣೆ ಮಾಡಿತು. ಆಗಸ್ಟ್‌ನಲ್ಲಿ ಚುನಾವಣಾ ಆಯೋಗ 334, ಸೆಪ್ಟೆಂಬರ್‌ನಲ್ಲಿ 474 ಮಾನ್ಯತೆಯಿಲ್ಲದ ಪಕ್ಷಗಳನ್ನು ಪಟ್ಟಿಯಿಂದ ತೆಗೆಯಿತು. ತಪ್ಪು ಮಾಹಿತಿ ಕೊಟ್ಟು ಆದಾಯ ಕಡಿಮೆ ತೋರಿಸಿದರೆ ಆ ತೆರಿಗೆಯ ಶೇ 200ರಷ್ಟು ದಂಡ ಬೀಳಬಹುದು. ದೇಣಿಗೆ ಕೊಡುವ ಮುನ್ನ ಆಯೋಗದ ಜಾಲತಾಣದಲ್ಲಿ ಪಕ್ಷದ ಹೆಸರು ಈಗಲೂ ಇದೆಯೇ ಎಂದು ನೋಡಿ.

ಚುನಾವಣೆ ಘೋಷಣೆಯಾದ ಮೇಲೆ

ನೀತಿ ಸಂಹಿತೆ ಬಂದ ದಿನದಿಂದ ನಗದು ಸಂಗ್ರಹ ಪೂರ್ತಿ ನಿಲ್ಲಿಸಿ. ಬಳ್ಳಾರಿ, ರಾಯಚೂರು ಗಡಿ ಜಿಲ್ಲೆಗಳು. ಆಂಧ್ರ, ತೆಲಂಗಾಣದ ಕಡೆಯ ರಸ್ತೆಗಳಲ್ಲೆಲ್ಲ ಚೆಕ್‌ಪೋಸ್ಟ್ ಇರುತ್ತವೆ, 50,000 ಮೀರಿದ ನಗದಿಗೆ ದಾಖಲೆ ಕೇಳುತ್ತಾರೆ. ರಸೀದಿ ಪುಸ್ತಕ ಮತ್ತು ನಗದು ಒಂದೇ ಚೀಲದಲ್ಲಿ ಸಿಕ್ಕರೆ ವಿವರಣೆ ಕೊಡಲು ದಿನಗಟ್ಟಲೆ ಅಲೆಯಬೇಕು. ದೇಣಿಗೆದಾರರು ಪ್ರೀತಿಯಿಂದ ಅಭ್ಯರ್ಥಿಗೆ ಜೀಪು, ಧ್ವನಿವರ್ಧಕ, ಊಟ ಕೊಟ್ಟರೆ ಅದರ ಬೆಲೆ ಅಭ್ಯರ್ಥಿಯ ಖರ್ಚಿಗೆ ಸೇರುತ್ತದೆ. ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷದ ಮಿತಿ 2022ರಿಂದ ಇದೆ. ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರ ಪರವಾಗಿ ಸ್ವಂತ ಖರ್ಚಿನಲ್ಲಿ ಕರಪತ್ರ ಹಾಕಿಸುವುದು ಅಪರಾಧ ಎಂಬುದನ್ನು ಸದಸ್ಯರಿಗೆ ತಿಳಿಸಿ.

ನವೀಕರಣ ಮತ್ತು ಹಸ್ತಾಂತರ

ಮೊದಲ ವರ್ಷದ 300 ಜನರಲ್ಲಿ 100 ಜನ ಎರಡನೇ ವರ್ಷ ಉಳಿಯದಿದ್ದರೆ 1,20,000 ಕಡಿಮೆ ಬೀಳುತ್ತದೆ. ಅಷ್ಟು ಮಂದಿಯನ್ನು ಹೊಸದಾಗಿ ಹುಡುಕುವುದಕ್ಕಿಂತ ಹಳಬರಿಗೆ ಒಂದು ಫೋನು ಮಾಡುವುದು ಸುಲಭ. ಅವಧಿ ಮುಗಿಯುವ ತಿಂಗಳು ಮೊದಲು ಕರೆ ಮಾಡಿ, ದುಡ್ಡಿನ ಮಾತಿಗೆ ಮೊದಲು ಹಿಂದಿನ ವರ್ಷದ ಲೆಕ್ಕದ ಹಾಳೆ ತಲುಪಿತೇ ಎಂದು ಕೇಳಿ. ಬೇಡ ಎಂದವರ ಕಾರಣ ಬರೆದಿಟ್ಟುಕೊಳ್ಳಿ, ಮತ್ತೆ ಮತ್ತೆ ಕರೆ ಮಾಡಬೇಡಿ. ಅವರ ಫೋನ್ ನಂಬರು ಪ್ರಚಾರದ ಗುಂಪುಗಳಿಗೆ ಹೋಗಬಾರದು.

ಜಿಲ್ಲಾಧ್ಯಕ್ಷರು ಬದಲಾದಾಗ ಯೋಜನೆ ಸಾಯುವುದೇ ಹೆಚ್ಚು. ಹಳಬರು ಪುಸ್ತಕ ಕೊಡುವುದಿಲ್ಲ, ಹೊಸಬರು ಬೇರೆ ಹೆಸರಿನಲ್ಲಿ ಹೊಸದು ಶುರು ಮಾಡುತ್ತಾರೆ, ನಡುವೆ ಕೊಟ್ಟವರು ಬೇಸತ್ತು ಹಿಂದೆ ಸರಿಯುತ್ತಾರೆ. ಆದ್ದರಿಂದ ಹಸ್ತಾಂತರದ ಪಟ್ಟಿ ಯೋಜನೆಯ ಮೊದಲ ದಿನವೇ ಠರಾವಿನಲ್ಲಿ ಇರಬೇಕು: ಪಾಸ್‌ಬುಕ್, ಚೆಕ್‌ಬುಕ್, ದೇಣಿಗೆದಾರರ ರಿಜಿಸ್ಟರ್, ಬಳಸಿದ ಮತ್ತು ಬಳಸದ ರಸೀದಿ ಪುಸ್ತಕಗಳು ಸಂಖ್ಯೆ ಸಹಿತ, ಬಾಕಿ ಬಿಲ್ಲುಗಳು. ಹಳಬರು ಹೊಸಬರು ಇಬ್ಬರೂ ಪ್ರತಿ ಹಾಳೆಗೆ ಸಹಿ ಮಾಡಬೇಕು. ಬ್ಯಾಂಕಿನಲ್ಲಿ ಸಹಿ ಬದಲಾವಣೆ ಅದೇ ವಾರ ಆಗಬೇಕು, ಯುಪಿಐಗೆ ಜೋಡಿಸಿದ ಮೊಬೈಲ್ ನಂಬರು ಹಳೆಯ ಖಜಾಂಚಿಯದಿದ್ದರೆ ಅದನ್ನೂ ಬದಲಿಸಬೇಕು. ಖಾತೆಯೇ ಬದಲಾದರೆ ಅಂಗಡಿ, ಗಿರಣಿ, ಕಚೇರಿಗಳಲ್ಲಿ ಅಂಟಿಸಿದ ಹಳೆಯ ಕ್ಯೂಆರ್ ಚೀಟಿಗಳನ್ನು ಒಂದೊಂದಾಗಿ ಕಿತ್ತು ಹೊಸದು ಅಂಟಿಸಿದ ಮೇಲೆಯೇ ಮುಂದಿನ ಕಂತು ಕೇಳಿ.